ಸಾಲ್ಸ್‌ಬರಿಗೆ ಒಂದು ಇಡೀ ದಿನ ಕೊಡಿ

ಪ್ರತಿ ಬೇಸಿಗೆಯಲ್ಲಿ ನಮ್ಮ ಮನೆಗೆ ಊರಿಂದ ಯಾರಾದರೂ ಬಂದೇ ಬರುತ್ತಾರೆ. ಅಪ್ಪ-ಅಮ್ಮ, ಇಲ್ಲದಿದ್ದರೆ ಅತ್ತೆ-ಮಾವ, ಒಂದು ಸಲ ದೊಡ್ಡಪ್ಪನ ಮನೆಯವರು ಐದು ಜನ. ಲಂಡನ್ ಸುತ್ತಿ ಮುಗಿದ ಮೇಲೆ ಎಲ್ಲರೂ ಕೇಳುವುದು ಒಂದೇ: "ಆ ಕಲ್ಲು ನಿಲ್ಲಿಸಿದಾರಲ್ಲ, ಅದನ್ನ ತೋರಿಸು." ಸ್ಟೋನ್‌ಹೆಂಜ್, ಬಯಲಿನಲ್ಲಿ ವೃತ್ತವಾಗಿ ನಿಲ್ಲಿಸಿದ ಪುರಾತನ ಕಲ್ಲುಗಳು.

ಮೊದಲ ಸಲ ಅಪ್ಪ-ಅಮ್ಮನನ್ನು ಲಂಡನ್ನಿಂದ ಹೊರಡುವ ಒಂದು ಟೂರ್ ಬಸ್ಸಿಗೆ ಹತ್ತಿಸಿ ಕಳಿಸಿದ್ದೆ. ಬಸ್ಸು ದಾರಿಯಲ್ಲಿ ಸಾಲ್ಸ್‌ಬರಿಯಲ್ಲಿ ಮುಕ್ಕಾಲು ಗಂಟೆ ನಿಂತಿತಂತೆ. ರಾತ್ರಿ ವಾಪಸ್ ಬಂದ ಅಮ್ಮ ಕಲ್ಲಿನ ವಿಷಯ ಎತ್ತಲೇ ಇಲ್ಲ. "ಆ ಚರ್ಚಿನ ಊರಲ್ಲಿ ಇನ್ನೊಂಚೂರು ಹೊತ್ತು ಬಿಡಬೇಕಿತ್ತು ನೋಡು" ಅಂದಳು. ಮುಂದಿನ ಶನಿವಾರವೇ ನಾವು ರೈಲು ಹತ್ತಿ ಸಾಲ್ಸ್‌ಬರಿಗೆ ಹೋದೆವು. ಆಮೇಲೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಹಿರಿಯರ ಜೊತೆ, ಮಕ್ಕಳ ಜೊತೆ, ಒಮ್ಮೆ ಗಾಲಿಕುರ್ಚಿಯ ಜೊತೆ ಹೋಗಿ ಬಂದು ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ನನ್ನ ಪಟ್ಟು ಒಂದೇ. ಇದು ಸ್ಟೋನ್‌ಹೆಂಜ್ ದಾರಿಯಲ್ಲಿ ಕಾಫಿಗೆ ಇಳಿಯುವ ಊರಲ್ಲ. ಬೆಳಗ್ಗೆಯಿಂದ ಸಂಜೆಯ ತನಕ ಇದಕ್ಕೇ ಇಡಿ.

ಮೊದಲು ದಿನ ಆರಿಸಿ

ಮಂಗಳವಾರ ಇಲ್ಲವೇ ಶನಿವಾರ. ಈ ಎರಡು ದಿನ ಊರಿನ ಚೌಕದಲ್ಲಿ ಸಂತೆ ಸೇರುತ್ತದೆ. 1227ರಲ್ಲಿ ರಾಜ ಸಂತೆಗೆ ಸನ್ನದು ಕೊಟ್ಟ, ಇವತ್ತಿಗೂ ನಡೆಯುತ್ತಿದೆ. ಸಂತೆ ಇಲ್ಲದ ದಿನ ಚೌಕ ಬಣಬಣ ಅನ್ನುತ್ತದೆ.

ಭಾನುವಾರ ಮಾತ್ರ ಬೇಡ. ಬೆಳಗ್ಗೆಯೆಲ್ಲ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಕೆಥೀಡ್ರಲ್, ಅಂದರೆ ಅಮ್ಮ ಹೇಳಿದ ಆ ದೊಡ್ಡ ಚರ್ಚು, ತೆರೆಯುವುದು ಮಧ್ಯಾಹ್ನ. ನಾವೂ ಒಮ್ಮೆ ಇದು ಗೊತ್ತಿಲ್ಲದೆ ಬೆಳಗ್ಗೆ ಹತ್ತಕ್ಕೇ ಹೋಗಿ, ಮಳೆಯಲ್ಲಿ ಕೊಡೆ ಹಿಡಿದು ಎರಡು ಗಂಟೆ ಅಲೆದಾಡಿದ್ದೇವೆ. ಭಾನುವಾರ ಹಳಿ ರಿಪೇರಿ ಅಂತ ರೈಲಿನ ಬದಲು ಬಸ್ಸು ಬಿಡುವುದೂ ಈ ದೇಶದಲ್ಲಿ ಮಾಮೂಲು. ದೊಡ್ಡ ಕಾರ್ಯಕ್ರಮ ಇರುವ ದಿನಗಳಲ್ಲೂ ಕೆಥೀಡ್ರಲ್ ಬೇಗ ಮುಚ್ಚಬಹುದು, ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ಅವರ ವೆಬ್‌ಸೈಟಿನಲ್ಲಿ ಆ ದಿನದ ಪುಟ ನೋಡಿಕೊಳ್ಳಿ.

ತಿಂಗಳು ಕೇಳಿದರೆ ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಅನ್ನುತ್ತೇನೆ. ಜೂನಿನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲು. ಆಗಸ್ಟಿನಲ್ಲಿ ಶಾಲೆಗಳಿಗೆ ರಜ, ಜನ ಜಾಸ್ತಿ. ಅದೂ ಅಲ್ಲದೆ ಕೆಥೀಡ್ರಲ್ಲಿನ ಹಾಡುವ ಮಕ್ಕಳಿಗೂ ಆಗ ರಜ. ಅದು ಯಾಕೆ ಮುಖ್ಯ ಅಂತ ಕೊನೆಗೆ ಹೇಳುತ್ತೇನೆ.

ರೈಲು

ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಿಂದ ನೇರ ರೈಲಿದೆ. ಸುಮಾರು ಒಂದೂವರೆ ಗಂಟೆ. ಕ್ಲಾಫಮ್ ಜಂಕ್ಷನ್, ವೋಕಿಂಗ್, ಬೇಸಿಂಗ್‌ಸ್ಟೋಕ್ ಕಡೆ ಇರುವವರು ಅಲ್ಲಿಯೇ ಹತ್ತಬಹುದು.

ದುಡ್ಡು ಉಳಿಸುವ ದಾರಿ ಇದೆ. ಬೆಳಗಿನ ಆಫೀಸ್ ಹೊತ್ತು ಕಳೆದ ಮೇಲೆ ಹೊರಟರೆ ಟಿಕೆಟ್ ಅಗ್ಗ. ಶನಿವಾರ ಆ ತಾಪತ್ರಯವೇ ಇಲ್ಲ. ಮೂರು ಜನ ಅಥವಾ ಹೆಚ್ಚು ಇದ್ದರೆ 'ಗ್ರೂಪ್‌ಸೇವ್' ಕೇಳಿ, ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಊರಿಂದ ಬಂದ ಹಿರಿಯರಿಗೆ 60 ದಾಟಿದ್ದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಬಹುದು. ಇಲ್ಲಿನ ಪ್ರಜೆ ಆಗಿರಬೇಕಿಲ್ಲ, ಸ್ಟೇಷನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಎರಡು ತಿಂಗಳು ಇರಲು ಬಂದವರು ನಾಲ್ಕು ಕಡೆ ಓಡಾಡಿದರೆ ಕಾರ್ಡಿನ ದುಡ್ಡು ವಾಪಸ್ ಬಂದ ಹಾಗೆ.

ಕಾರಿನಲ್ಲಿ ಬರುವವರು ಊರೊಳಗೆ ಪಾರ್ಕಿಂಗ್ ಹುಡುಕುತ್ತಾ ಸುತ್ತಬೇಡಿ. ಊರಿನ ಹೊರಗೆ ಐದು ದಿಕ್ಕಿನಲ್ಲಿ ಪಾರ್ಕ್ ಅಂಡ್ ರೈಡ್ ಇದೆ. ಕಾರು ಅಲ್ಲಿ ಬಿಟ್ಟು ಬಸ್ಸಿನಲ್ಲಿ ಬನ್ನಿ.

ಸ್ಟೇಷನ್ನಿಂದ ಹೈಸ್ಟ್ರೀಟ್ ಗೇಟಿಗೆ

ನಡೆದರೆ ಹದಿನೈದು ನಿಮಿಷ. ದಾರಿ ಹುಡುಕಲು ಫೋನ್ ಬೇಕಾಗಿಲ್ಲ. ಫಿಶರ್ಟನ್ ಸ್ಟ್ರೀಟ್ ಹಿಡಿದು ಪೇಟೆಯ ಕಡೆ ಹೋಗಿ, ಏವನ್ ನದಿಯ ಸಣ್ಣ ಸೇತುವೆ ದಾಟಿ, ಹೈಸ್ಟ್ರೀಟಿಗೆ ಬಂದು ಬಲಕ್ಕೆ ತಿರುಗಿದರೆ ಕೊನೆಯಲ್ಲಿ ಒಂದು ಹಳೇ ಕಲ್ಲಿನ ಹೆಬ್ಬಾಗಿಲು. ಊರು ಪೂರ್ತಿ ಸಮತಟ್ಟು. ಮಂಡಿ ನೋವಿನವರಿಗೆ ಇಂಗ್ಲೆಂಡಿನಲ್ಲಿ ಇಷ್ಟು ಅನುಕೂಲದ ಹಳೇ ಊರು ಇನ್ನೊಂದು ಸಿಗುವುದು ಕಷ್ಟ.

ಆ ಬಾಗಿಲು ದಾಟಿದರೆ 'ಕ್ಲೋಸ್'. ಇದನ್ನು ನಮ್ಮವರಿಗೆ ಅರ್ಥ ಮಾಡಿಸಲು ನಾನು ಬಳಸುವ ಮಾತು ಅಗ್ರಹಾರ. ದೇವಸ್ಥಾನದ ಸುತ್ತ ಅರ್ಚಕರ, ಪಂಡಿತರ ಮನೆ ಇರುತ್ತಿದ್ದ ಹಾಗೆ ಇಲ್ಲಿ ಕೆಥೀಡ್ರಲ್ಲಿನ ಸುತ್ತ ಪಾದ್ರಿಗಳ, ಶಾಲೆಯ ಮೇಷ್ಟ್ರುಗಳ, ಹಾಡುವವರ ಮನೆ. ಸುತ್ತಲೂ ಗೋಡೆ, ಗೋಡೆಗೆ ಬಾಗಿಲುಗಳು. ಸುಮಾರು 80 ಎಕರೆ ಜಾಗ. ಬ್ರಿಟನ್ನಿನ ಕೆಥೀಡ್ರಲ್ ಅಗ್ರಹಾರಗಳಲ್ಲಿ ಇದೇ ದೊಡ್ಡದು. ಇವತ್ತಿಗೂ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿ ಬೀಗ ಜಡಿಯುತ್ತಾರೆ. ಒಳಗೆ ಬಾಡಿಗೆಗೆ ಇರುವವರಿಗೆ ಬೀಗದ ಕೈ ಇರುತ್ತದೆ. ಉಳಿದವರು ಹೊರಗೆ.

ಬಾಗಿಲು ದಾಟಿದ ತಕ್ಷಣ ಫೋಟೋ ತೆಗೆಯಬೇಡಿ, ಇನ್ನೊಂದು ನೂರು ಹೆಜ್ಜೆ ಹೋಗಿ. ಮನೆಗಳ ಸಾಲು ಮುಗಿದು ಹುಲ್ಲು ಶುರುವಾಗುವಲ್ಲಿ ಇಡೀ ಕಟ್ಟಡ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಚೂಪು ಶಿಖರದ ಎತ್ತರ 123 ಮೀಟರ್. ಬ್ರಿಟನ್ನಿನ ಚರ್ಚ್ ಶಿಖರಗಳಲ್ಲಿ ಅತಿ ಎತ್ತರದ್ದು. ಈ 123 ಅನ್ನುವ ಸಂಖ್ಯೆಗೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. 2018ರ ಮಾರ್ಚಿನಲ್ಲಿ ಈ ಊರಲ್ಲಿ ರಷ್ಯಾದ ಮಾಜಿ ಗೂಢಚಾರಿಯೊಬ್ಬನಿಗೆ ವಿಷ ಹಾಕಿದರಲ್ಲ, ಆಗ ಆರೋಪ ಹೊತ್ತ ಇಬ್ಬರು ಟೀವಿಯಲ್ಲಿ ಕೂತು "ನಾವು 123 ಮೀಟರಿನ ಶಿಖರ ನೋಡಲು ಹೋಗಿದ್ದೆವು" ಅಂದರು. ಹೊರಗಿನವರಿಗೆ ಅದು ಜೋಕು. ಆದರೆ ಅದೇ ವಿಷ ಕೆಲವು ತಿಂಗಳ ನಂತರ ಹತ್ತಿರದ ಊರಲ್ಲಿ ಏನೂ ಸಂಬಂಧವಿಲ್ಲದ ಒಬ್ಬ ಹೆಂಗಸಿನ ಜೀವ ತೆಗೆಯಿತು. ಇಲ್ಲಿಯವರ ಎದುರು ಆ ಜೋಕು ಮಾಡಬೇಡಿ.

ಹುಲ್ಲಿನ ಮೇಲೆ ಕಂಚಿನ ಒಂದು ಹೆಂಗಸಿನ ಪ್ರತಿಮೆ ಇದೆ. ಮೇರಿ ಮಾತೆ. ಎಲಿಜಬೆತ್ ಫ್ರಿಂಕ್ ಎಂಬ ಶಿಲ್ಪಿ 1981ರಲ್ಲಿ ಮಾಡಿದ್ದು. ತೆಳ್ಳಗಿನ ಮುಖ, ಬಿರುಸು ನಡಿಗೆ. ಯಾವ ಕಡೆ ನಡೆಯುತ್ತಿದ್ದಾಳೆ ನೋಡಿ. ಕೆಥೀಡ್ರಲ್ಲಿಗೆ ಬೆನ್ನು ಹಾಕಿ ಊರಿನ ಕಡೆ! "ಸಂತೆಗೆ ಹೊರಟಿದಾಳೆ" ಅಂದರು ನಮ್ಮ ಅತ್ತೆ. ಶಿಲ್ಪಿಯ ಮನಸ್ಸಿನಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೇ ಇರಬೇಕು.

ಒಳಗೆ ಎರಡು ಗಂಟೆ

ಟಿಕೆಟ್ ಆನ್‌ಲೈನಿನಲ್ಲಿ ಮುಂಚೆ ತೆಗೆದರೆ ಅಗ್ಗ. ಒಬ್ಬರಿಗೆ ಹತ್ತು ಪೌಂಡಿನ ಆಸುಪಾಸು ಅಂದುಕೊಳ್ಳಿ. ಗೋಪುರ ಹತ್ತುವ ಟಿಕೆಟ್ ಬೇರೆ, ಅದರ ಮಾತು ಆಮೇಲೆ.

ಬಾಗಿಲಲ್ಲಿ ನಮ್ಮ ಅತ್ತೆ ಗಕ್ಕನೆ ನಿಂತುಬಿಟ್ಟಿದ್ದರು. ಏನು ಅಂತ ನೋಡಿದರೆ ಚಪ್ಪಲಿ ಬಿಡುವ ಜಾಗ ಹುಡುಕುತ್ತಿದ್ದಾರೆ. ಇಲ್ಲಿ ಚಪ್ಪಲಿ, ಬೂಟು ಎರಡೂ ಕಾಲಲ್ಲೇ ಇರಲಿ. ಗಂಡಸರು ಟೋಪಿ ತೆಗೆದರೆ ಸಾಕು. ಕಲ್ಲಿನ ನೆಲ ಬೇಸಿಗೆಯಲ್ಲೂ ತಣ್ಣಗಿರುತ್ತದೆ, ಹಿರಿಯರಿಗೆ ಕಾಲುಚೀಲ ಹಾಕಿಸಿ.

ಒಳಗೆ ಅಲ್ಲಲ್ಲಿ ಸ್ವಯಂಸೇವಕ ಗೈಡುಗಳಿರುತ್ತಾರೆ. ಹೆಚ್ಚಿನವರು ನಿವೃತ್ತರು. ಒಂದು ಪ್ರಶ್ನೆ ಕೇಳಿದರೆ ಹತ್ತು ನಿಮಿಷ ಮಾತಾಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ನಾನು ನೋಡುವ ಕ್ರಮ ಹೀಗೆ.

ಮೊದಲು ಗಡಿಯಾರ. ಕಬ್ಬಿಣದ ಮಂಚದ ಹಾಗಿರುವ ಚೌಕಟ್ಟು, ಒಳಗೆ ಹಲ್ಲಿನ ಚಕ್ರಗಳು, ಹಗ್ಗಕ್ಕೆ ಕಟ್ಟಿದ ಕಲ್ಲಿನ ತೂಕ. ಮುಖ ಇಲ್ಲ, ಮುಳ್ಳೂ ಇಲ್ಲ. ಗಂಟೆ ಹೊಡೆಯಲಿಕ್ಕೆ ಮಾಡಿದ ಯಂತ್ರ ಅಷ್ಟೇ. 1386ರ ಹೊತ್ತಿನದು ಎನ್ನುತ್ತಾರೆ. ಇನ್ನೂ ಓಡುವ ಗಡಿಯಾರಗಳಲ್ಲಿ ಜಗತ್ತಿನ ಅತಿ ಹಳೆಯವುಗಳಲ್ಲಿ ಒಂದು. ಮಕ್ಕಳು ಇದನ್ನು ದಾಟಿ ಓಡಿಬಿಡುತ್ತಾರೆ. ಹಿಡಿದು ನಿಲ್ಲಿಸಿ, ಚಕ್ರ ತಿರುಗುವುದನ್ನು ತೋರಿಸಿ.

ಆಮೇಲೆ ನಡುವಿನಲ್ಲಿ ನೀರಿನ ತೊಟ್ಟಿ. ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ಜಾಗ ಇದು. ಕಟ್ಟಡ ಹಳೆಯದು, ತೊಟ್ಟಿ ಮಾತ್ರ 2008ರದು, ವಿಲಿಯಂ ಪೈ ಎಂಬುವರು ಮಾಡಿದ್ದು. ಅಂಚಿನ ತನಕ ತುಂಬಿದ ನೀರು ನಾಲ್ಕು ಮೂಲೆಯಿಂದ ಸದ್ದಿಲ್ಲದೆ ಇಳಿಯುತ್ತದೆ. ಮೇಲೆ ಒಂದು ಅಲೆಯೂ ಇಲ್ಲ. ಕಮಾನುಗಳು, ಕಿಟಕಿಗಳು ಎಲ್ಲ ಅದರಲ್ಲಿ ತಲೆಕೆಳಗಾಗಿ ಕಾಣುತ್ತವೆ. ನಮ್ಮ ದೊಡ್ಡಪ್ಪ ಅದನ್ನು ಕರೀ ಕಲ್ಲಿನ ಮೇಜು ಅಂದುಕೊಂಡು ಊಟದ ಚೀಲ ಇಡಲು ಹೋದರು. ಪಕ್ಕದಲ್ಲಿದ್ದ ಗೈಡಮ್ಮ ಕೈ ಹಿಡಿದು ತಡೆದು, ನೀವು ಮೊದಲನೆಯವರಲ್ಲ ಬಿಡಿ ಅಂತ ನಕ್ಕರು. ಚಪಾತಿ ಉಳಿಯಿತು.

ಈಗ ಕಟ್ಟಡದ ನಟ್ಟ ನಡುವೆ, ಶಿಖರದ ಸರಿ ಕೆಳಗೆ ಬನ್ನಿ. ನಾಲ್ಕು ದೊಡ್ಡ ಕಂಬಗಳಿವೆ. ಒಂದು ಕಂಬದ ಬುಡದಲ್ಲಿ ನಿಂತು, ಅದರ ಉದ್ದಕ್ಕೂ ಕಣ್ಣು ಮೇಲೆ ಒಯ್ಯಿರಿ. ಕಂಬ ಬಿಲ್ಲಿನ ಹಾಗೆ ಬಾಗಿದೆ! ಕಣ್ಣಿನ ಭ್ರಮೆ ಅಲ್ಲ. ಕೆಥೀಡ್ರಲ್ ಕಟ್ಟಲು ಶುರು ಮಾಡಿದ್ದು 1220ರಲ್ಲಿ, 1258ಕ್ಕೆ ಪ್ರತಿಷ್ಠೆಯಾಯಿತು. 38 ವರ್ಷದಲ್ಲಿ ಇಷ್ಟು ದೊಡ್ಡ ಕೆಲಸ ಮುಗಿದದ್ದು ಆ ಕಾಲಕ್ಕೆ ಬಹಳ ಬೇಗ. ಅದಕ್ಕೇ ಕಟ್ಟಡ ಪೂರ್ತಿ ಒಂದೇ ಶೈಲಿಯಲ್ಲಿದೆ. ಆಗ ಈಗಿನ ಗೋಪುರವೂ ಇರಲಿಲ್ಲ, ಶಿಖರವೂ ಇರಲಿಲ್ಲ. ಅವನ್ನು ಏರಿಸಿದ್ದು ಕೆಲವು ದಶಕಗಳ ನಂತರ. ಮೊದಲು ಲೆಕ್ಕದಲ್ಲೇ ಇಲ್ಲದ 6,500 ಟನ್ ಭಾರ ಈ ನಾಲ್ಕು ಕಂಬಗಳ ತಲೆ ಮೇಲೆ ಬಿತ್ತು. ಅಡಿಪಾಯವಾದರೂ ಆಳ ಇದೆಯಾ ಅಂದರೆ ನಾಲ್ಕೇ ಅಡಿ. ಕೆಳಗೆ ಗರಸು, ಗರಸಿನಲ್ಲಿ ನೀರು. ನೆಲದಲ್ಲಿ ಒಂದು ಸಣ್ಣ ಮುಚ್ಚಳ ಇದೆ, ಅದನ್ನು ತೆಗೆದು ಕೋಲು ಇಳಿಬಿಟ್ಟು ನೀರಿನ ಮಟ್ಟ ನೋಡುತ್ತಾರೆ. ಗೈಡು ಇದ್ದರೆ ತೋರಿಸಿ ಅಂತ ಕೇಳಿ.

ಶಿಖರ ವಾಲಿದೆ ಅನ್ನುವುದು ಹಳೇ ಸುದ್ದಿ. 1668ರಲ್ಲಿ ಕ್ರಿಸ್ಟೋಫರ್ ರೆನ್ ಬಂದು ಅಳೆದ. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಅದೇ ರೆನ್. ಸುಮಾರು 75 ಸೆಂಟಿಮೀಟರ್ ವಾಲಿದೆ ಅಂತ ಲೆಕ್ಕ ಸಿಕ್ಕಿತು. ಶಿಖರದ ತುದಿಯಿಂದ ತೂಗುಗುಂಡು ಬಿಟ್ಟರೆ ಎಲ್ಲಿಗೆ ಬರುತ್ತದೆ ಅನ್ನುವುದಕ್ಕೆ ನೆಲದಲ್ಲಿ ಗುರುತು ಹಾಕಿದ್ದಾರೆ. ಊರಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿಯ ತೂಗುಗುಂಡು ನೋಡಿದ್ದ ಅಪ್ಪ ಅಲ್ಲೇ ನಿಂತು ಮೇಲೆ, ಕೆಳಗೆ, ಮತ್ತೆ ಮೇಲೆ ನೋಡುತ್ತಿದ್ದರು. ಅವರನ್ನು ಕರೆದುಕೊಂಡು ಮುಂದೆ ಹೋಗುವಷ್ಟರಲ್ಲಿ ಸಾಕಾಯಿತು.

ಪೂರ್ವದ ತುದಿಯ ನೀಲಿ ಗಾಜಿನ ಕಿಟಕಿ 1980ರದು. ತಮ್ಮ ನಂಬಿಕೆಗಾಗಿ ಜೈಲು ಸೇರಿದವರ ನೆನಪಿಗೆ ಮಾಡಿಸಿದ್ದು. ಬೆಳಗ್ಗೆ ಬಿಸಿಲಿದ್ದರೆ ಅದರ ಎದುರು ಐದು ನಿಮಿಷ ಸುಮ್ನೆ ಕೂರಿ.

ಕೊನೆಗೆ ಮೊಗಸಾಲೆ ದಾಟಿ ಚಾಪ್ಟರ್ ಹೌಸ್, ಪಾದ್ರಿಗಳು ಸಭೆ ಸೇರುತ್ತಿದ್ದ ಜಾಗ. ಎಂಟು ಮೂಲೆಯ ಕೋಣೆ, ನಡುವೆ ಒಂದೇ ಕಂಬ, ಅದರ ತಲೆಯಿಂದ ಕೊಡೆಯ ಕಡ್ಡಿಗಳ ಹಾಗೆ ಚಾವಣಿ ಬಿಚ್ಚಿಕೊಂಡಿದೆ. ಇಲ್ಲಿ ಒಂದು ಕತ್ತಲೆ ಡೇರೆಯೊಳಗೆ ಮ್ಯಾಗ್ನಾ ಕಾರ್ಟಾ ಇಟ್ಟಿದ್ದಾರೆ. 1215ರಲ್ಲಿ ಇಂಗ್ಲೆಂಡಿನ ರಾಜ ಜಾನ್‌ನಿಂದ ಸಾಮಂತರು ಬಲವಂತವಾಗಿ ಒಪ್ಪಿಸಿಕೊಂಡ ಪತ್ರ. ಆ ವರ್ಷದ ಮೂಲ ಪ್ರತಿಗಳಲ್ಲಿ ಉಳಿದಿರುವುದು ನಾಲ್ಕೇ. ಎರಡು ಬ್ರಿಟಿಷ್ ಲೈಬ್ರರಿಯದು, ಒಂದು ಲಿಂಕನ್ ಕೆಥೀಡ್ರಲ್ಲಿನದು, ಒಂದು ಇಲ್ಲಿಯದು. ಒಂದೇ ಹಾಳೆ ಚರ್ಮದ ಮೇಲೆ ಸುಮಾರು 3,500 ಪದಗಳ ಲ್ಯಾಟಿನ್. ಅಕ್ಷರ ಎಷ್ಟು ಸಣ್ಣದು ಅಂದರೆ ಸಾಸಿವೆ ಚೆಲ್ಲಿದ ಹಾಗೆ. ಫೋಟೋ ತೆಗೆಯುವಂತಿಲ್ಲ.

ಇದು ಇಲ್ಲಿಗೆ ಹೇಗೆ ಬಂತು ಅನ್ನುವುದು ನನಗೆ ಇಷ್ಟವಾದ ಕಥೆ. ಎಲಿಯಾಸ್ ಆಫ್ ಡೀರ್‌ಹ್ಯಾಮ್ ಅಂತ ಒಬ್ಬ. ಪತ್ರದ ಪ್ರತಿಗಳನ್ನು ಊರೂರಿಗೆ ತಲುಪಿಸುವ ಕೆಲಸ ಅವನ ಪಾಲಿಗೂ ಬಂದಿತ್ತು. ಮುಂದೆ ಅವನೇ ಈ ಕೆಥೀಡ್ರಲ್ ಕಟ್ಟುವ ಕೆಲಸದ ಮೇಲ್ವಿಚಾರಕನಾದ. ಕಾಗದ ಹಂಚಿದವನೇ ಕಲ್ಲನ್ನೂ ಜೋಡಿಸಿದ. ಸ್ವತಂತ್ರ ಮನುಷ್ಯನನ್ನು ಕಾನೂನು ಬಿಟ್ಟು ಸೆರೆ ಹಾಕುವಂತಿಲ್ಲ, ನ್ಯಾಯವನ್ನು ಮಾರುವಂತಿಲ್ಲ, ತಡ ಮಾಡುವಂತಿಲ್ಲ ಎನ್ನುವ ಮಾತುಗಳು ಅದರಲ್ಲಿವೆ. ನಮ್ಮ ಸಂವಿಧಾನದ 21ನೇ ವಿಧಿ ಓದಿದವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸುತ್ತದೆ. "ತಡ ಮಾಡುವಂತಿಲ್ಲ" ಅನ್ನುವಲ್ಲಿ ಮಾತ್ರ ಮಾವ ಮುಸಿಮುಸಿ ನಕ್ಕರು. ಅವರದೊಂದು ಸೈಟಿನ ಕೇಸು ಹತ್ತೊಂಬತ್ತು ವರ್ಷದಿಂದ ನಡೆಯುತ್ತಿದೆ.

ಹೊರಡುವ ಮುಂಚೆ ಗೋಡೆಯ ಸುತ್ತ ಕೆತ್ತಿದ ಕಲ್ಲಿನ ಪಟ್ಟಿಯನ್ನೂ ನೋಡಿ. ಬೈಬಲಿನ ಸೃಷ್ಟಿ, ನೋಹನ ದೋಣಿ, ಬಾಬೆಲ್ ಗೋಪುರದ ಕಥೆಗಳು ಸಾಲಾಗಿ ಇವೆ. ಹೊಯ್ಸಳ ಗುಡಿಗಳ ಗೋಡೆಯಲ್ಲಿ ರಾಮಾಯಣ ಓದಿಕೊಂಡು ಹೋದ ಅಭ್ಯಾಸ ಇರುವವರಿಗೆ ಇದನ್ನು ಹೇಗೆ ನೋಡಬೇಕು ಅಂತ ಹೇಳಿಕೊಡಬೇಕಿಲ್ಲ.

ಗೋಪುರ ಹತ್ತಬೇಕಾ? 332 ಮೆಟ್ಟಿಲು. ಗೈಡಿನ ಜೊತೆಗೇ ಹೋಗಬೇಕು, ಮೊದಲೇ ಬುಕ್ ಮಾಡಿರಬೇಕು, ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ಸುತ್ತು ಮೆಟ್ಟಿಲು, ಕೆಲವು ಕಡೆ ಭುಜ ತಾಗುವಷ್ಟು ಇಕ್ಕಟ್ಟು. ಮಂಡಿ, ಎದೆ, ತಲೆಸುತ್ತು, ಇದರಲ್ಲಿ ಯಾವ ತೊಂದರೆ ಇದ್ದರೂ ಬೇಡ. ಗಟ್ಟಿಮುಟ್ಟಾಗಿರುವವರು ತಪ್ಪಿಸಬೇಡಿ. ಶಿಖರದ ಬುಡಕ್ಕೆ ಬಂದು ಒಳಗಿಂದ ಮೇಲೆ ನೋಡಿದರೆ, ಅದನ್ನು ಕಟ್ಟುವಾಗ ಹಾಕಿದ ಮರದ ಸಾರವೆ ಇನ್ನೂ ಹಾಗೇ ಇದೆ. ಏಳುನೂರು ವರ್ಷದಿಂದ ಬಿಚ್ಚಿಲ್ಲ. ಹೊರಗೆ ಬಾಲ್ಕನಿಯಲ್ಲಿ ಗಾಳಿ ಹೊಡೆಯುತ್ತದೆ, ಸ್ಕಾರ್ಫ್ ಬಿಗಿಯಾಗಿ ಕಟ್ಟಿಕೊಳ್ಳಿ. ಗೋಪುರದಲ್ಲಿ ಪೆರಿಗ್ರಿನ್ ಡೇಗೆಗಳು ಗೂಡು ಕಟ್ಟುತ್ತವೆ. ವಸಂತದಲ್ಲಿ ಹೋದರೆ ಕೂಗು ಕೇಳಿಸೀತು.

ಊಟ, ಸಂತೆ, ನರಕ

ಕೆಥೀಡ್ರಲ್ಲಿನ ಊಟದ ಮನೆಗೆ ಗಾಜಿನ ಚಾವಣಿ. ಸೂಪು ಕುಡಿಯುತ್ತಾ ತಲೆ ಎತ್ತಿದರೆ ಶಿಖರ. ಸಸ್ಯಾಹಾರಿಗಳಿಗೆ ಸೂಪು-ಬ್ರೆಡ್ಡು, ಬೇಯಿಸಿದ ಇಡೀ ಆಲೂಗಡ್ಡೆ, ಅದರ ಮೇಲೆ ಬೀನ್ಸೋ ಚೀಸೋ ಸಿಗುತ್ತದೆ. ಮೊಟ್ಟೆಯೂ ತಿನ್ನದವರು ಕೇಕು, ಸ್ಕೋನಿಗೆ ಕೈ ಹಾಕುವ ಮುಂಚೆ ಕೇಳಿ. ನಮ್ಮ ಮನೆಯ ಪದ್ಧತಿ ಬೇರೆ. ಬೆಳಗ್ಗೆಯೇ ಚಿತ್ರಾನ್ನ, ಚಪಾತಿ-ಪಲ್ಯ ಕಟ್ಟಿಕೊಂಡು ಹೋಗಿ ಕ್ವೀನ್ ಎಲಿಜಬೆತ್ ಗಾರ್ಡನ್ಸ್‌ನಲ್ಲಿ ಹೊಳೆ ಪಕ್ಕ ಕೂತು ತಿನ್ನುವುದು. ಬಾತುಕೋಳಿಗಳು ಸುತ್ತುವರಿಯುತ್ತವೆ. ಒಗ್ಗರಣೆಯ ಕಡಲೆಬೇಳೆಯನ್ನು ಅವಕ್ಕೆ ಹಾಕಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಊಟ ಮುಗಿಸಿ ಪೇಟೆಗೆ. 13ನೇ ಶತಮಾನದಲ್ಲಿ ಖಾಲಿ ಜಾಗದಲ್ಲಿ ದಾರ ಹಿಡಿದ ಹಾಗೆ ಚೌಕ ಚೌಕವಾಗಿ ಹಾಕಿದ ಊರು ಇದು. ಬೀದಿ ಹೆಸರು ಓದುತ್ತಾ ನಡೆದರೆ ಗೊತ್ತಾಗುತ್ತದೆ. ಮೀನಿನ ಸಾಲು, ಕಸಾಯಿ ಸಾಲು, ಓಟ್ಸ್ ಹಿಟ್ಟಿನ ಸಾಲು, ಉಪ್ಪಿನ ಓಣಿ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಇದ್ದ ಹಾಗೆ. ಕೋಳಿ ಮಾರುವವರು ನಿಲ್ಲುತ್ತಿದ್ದ ಕಲ್ಲಿನ ಮಂಟಪ, ಪೌಲ್ಟ್ರಿ ಕ್ರಾಸ್, ಇನ್ನೂ ನಿಂತಿದೆ. ಸಂತೆಯಲ್ಲಿ ಚೀಸು, ಬ್ರೆಡ್ಡು, ಗಿಡ, ಹಣ್ಣು ಸಿಗುತ್ತವೆ. ಚೌಕಾಸಿ ನಡೆಯುವುದಿಲ್ಲ. ಅಮ್ಮ ಪ್ರಯತ್ನ ಪಟ್ಟಳು. ಸ್ಟ್ರಾಬೆರಿಯವನಿಗೆ ಆಶ್ಚರ್ಯವಾಗಿ ಎರಡು ಹಣ್ಣು ಜಾಸ್ತಿ ಹಾಕಿದ.

ಪಕ್ಕದಲ್ಲೇ ಸೇಂಟ್ ಥಾಮಸ್ ಚರ್ಚು. ಟಿಕೆಟ್ ಇಲ್ಲ, ಪ್ರವಾಸಿಗರೂ ಕಡಿಮೆ. ಒಳಗೆ ಹೋಗಿ ಎದುರಿನ ಕಮಾನಿನ ಮೇಲೆ ನೋಡಿ. 15ನೇ ಶತಮಾನದ ಕೊನೆಯ ಭಾಗದ ದೊಡ್ಡ ಚಿತ್ರ, ಕೊನೆಯ ದಿನದ ತೀರ್ಪು. ಒಂದು ಕಡೆ ಗೋರಿಯಿಂದ ಎದ್ದು ಸ್ವರ್ಗಕ್ಕೆ ಹೊರಟವರು. ಇನ್ನೊಂದು ಕಡೆ ದೆವ್ವಗಳು ಎಳೆದುಕೊಂಡು ಹೋಗುತ್ತಿರುವವರು. ನರಕದ ಸಾಲಿನಲ್ಲಿ ಕಿರೀಟದವರಿದ್ದಾರೆ, ಬಿಷಪ್ಪನ ಟೋಪಿಯವನೂ ಇದ್ದಾನೆ. ಮೈಮೇಲೆ ಬಟ್ಟೆ ಇಲ್ಲ, ಟೋಪಿ ಮಾತ್ರ ಇದೆ! ಅಳತೆಯಲ್ಲಿ ಮೋಸ ಮಾಡಿದ ಹೆಂಡದಂಗಡಿಯವಳು ಕೈಯಲ್ಲಿ ಹೂಜಿ ಹಿಡಿದೇ ಹೊರಟಿದ್ದಾಳೆ. ಧರ್ಮದಲ್ಲಿ ಗಾಳಿ ಬದಲಾದಾಗ ಇದರ ಮೇಲೆ ಸುಣ್ಣ ಬಳಿದರು. 19ನೇ ಶತಮಾನದಲ್ಲಿ ಸುಣ್ಣ ಕೆರೆದು ತೆಗೆದರು. ಸಂತೆಯ ಪಕ್ಕದ ಚರ್ಚಿನಲ್ಲಿ ಅಳತೆಗಳ್ಳಿಯನ್ನು ನರಕಕ್ಕೆ ಕಳಿಸಿದ್ದು ಸುಮ್ನೆ ಇರಲಾರದು, ಅಲ್ವಾ?

ಮಧ್ಯಾಹ್ನ: ಒಂದನ್ನು ಆರಿಸಿ

ಕಾಲಿಗೆ ಆರಾಮ ಬೇಕಾದವರಿಗೆ ಗದ್ದೆಯ ದಾರಿ. ಕ್ವೀನ್ ಎಲಿಜಬೆತ್ ಗಾರ್ಡನ್ಸ್‌ನಿಂದ 'ಟೌನ್ ಪಾತ್' ಹಿಡಿದರೆ ನೀರುಗದ್ದೆಗಳ ನಡುವೆ ಹಾರ್ನ್‌ಹ್ಯಾಮಿನ ಹಳೇ ಗಿರಣಿಗೆ ಬರುತ್ತೀರಿ. ಟಾರು ಹಾಕಿದ ಸಮದಾರಿ, ಗಾಲಿಕುರ್ಚಿಯೂ ಹೋಗುತ್ತದೆ. ಇಪ್ಪತ್ತು ನಿಮಿಷ ಸಾಕು. ಕುರಿಗಳು, ಕಾಲುವೆಗಳು, ಹಿಂದೆ ಶಿಖರ. ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಈ ಗದ್ದೆಗಳ ಕಡೆಯಿಂದಲೇ ಕೆಥೀಡ್ರಲ್ಲಿನ ಚಿತ್ರ ಬರೆದದ್ದು. ಫೋಟೋ ಇಲ್ಲಿ ತೆಗೆಯಿರಿ, ಬೆಳಗ್ಗೆ ತೆಗೆದದ್ದೆಲ್ಲ ಅಳಿಸಿಹಾಕುತ್ತೀರಿ.

ಕಥೆ ಬೇಕಾದವರಿಗೆ ಓಲ್ಡ್ ಸೇರಮ್. ಊರಿನ ಉತ್ತರಕ್ಕೆ ಮೂರು ಕಿಲೋಮೀಟರು, ಪೇಟೆಯಿಂದ ಬಸ್ಸಿದೆ. ಮಣ್ಣಿನ ದೊಡ್ಡ ದಿಬ್ಬ, ಸುತ್ತ ಕಂದಕ. ಮೂಲ ಊರು ಇದೇ. ಕೋಟೆ, ಕೆಥೀಡ್ರಲ್ ಎರಡೂ ಈ ಗುಡ್ಡದ ಮೇಲಿದ್ದವು. ಕುಡಿಯುವ ನೀರಿಗೆ ತಾಪತ್ರಯ, ಗಾಳಿಯ ಕಾಟ, ಕೋಟೆಯ ಸೈನಿಕರಿಗೂ ಪಾದ್ರಿಗಳಿಗೂ ದಿನಾ ಜಗಳ. ಬೇಸತ್ತ ಬಿಷಪ್ ರಿಚರ್ಡ್ ಪೂರ್ ಕೆಳಗಿನ ಹುಲ್ಲುಗಾವಲಿಗೆ ಹೊಸ ಕೆಥೀಡ್ರಲ್ ತಂದ. ಹಳೆಯದರ ಕಲ್ಲುಗಳನ್ನು ಹೊತ್ತು ತಂದು ಕ್ಲೋಸಿನ ಗೋಡೆಗೆ ಹಾಕಿದರು. ಈಗ ಗುಡ್ಡದ ಹುಲ್ಲಿನಲ್ಲಿ ಹಳೇ ಕೆಥೀಡ್ರಲ್ಲಿನ ತಳದ ಗುರುತು ಮಾತ್ರ ಇದೆ. ಅದನ್ನು ನೋಡಲು ಟಿಕೆಟ್ ಬೇಡ, ಒಳಗಿನ ಕೋಟೆಗೆ ಬೇಕು.

ಜನ ಖಾಲಿಯಾದ ಮೇಲೂ ಈ ಗುಡ್ಡ 1832ರ ತನಕ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಜಾಗ ಯಾರದೋ ಸೀಟು ಅವರದು. 17ನೇ ಶತಮಾನದ ಕೊನೆಗೆ ಇದನ್ನು ಕೊಂಡವನು ಥಾಮಸ್ ಪಿಟ್. ಭಾರತದ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಆಮೇಲೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆದ. ಅಲ್ಲಿದ್ದಾಗ ಕೃಷ್ಣಾ ದಂಡೆಯ ಕೊಲ್ಲೂರು ಗಣಿಯ ದೊಡ್ಡ ವಜ್ರವೊಂದನ್ನು ಕೊಂಡು, ಕೊನೆಗೆ ಫ್ರಾನ್ಸಿನ ಅರಮನೆಗೆ ಮಾರಿದ. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ್ದು. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಈ ಕುರಿ ಮೇಯುವ ಗುಡ್ಡದ 'ಪ್ರತಿನಿಧಿ'ಯಾಗಿ ಪಾರ್ಲಿಮೆಂಟಿಗೆ ಹೋದ, ಮುಂದೆ ಪ್ರಧಾನಿಯೂ ಆದ. ದಿಬ್ಬದ ಅಂಚಿನಲ್ಲಿ ನಿಂತು ಈ ಕಥೆ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ದುಡ್ಡು ಎಲ್ಲೆಲ್ಲಿ ಓಡಾಡಿದೆ ನೋಡು" ಅಂದರು.

ಹಾಗಾದರೆ ಸ್ಟೋನ್‌ಹೆಂಜ್?

ನೋಡಲೇಬೇಕು ಅಂದರೆ ಒಂದು ರಾತ್ರಿ ಸಾಲ್ಸ್‌ಬರಿಯಲ್ಲಿ ಉಳಿದುಕೊಳ್ಳಿ. ಮರುದಿನ ಬೆಳಗ್ಗೆ ಸ್ಟೇಷನ್ನಿನ ಎದುರಿನಿಂದಲೇ ಸ್ಟೋನ್‌ಹೆಂಜ್ ಟೂರ್ ಬಸ್ಸು ಹೊರಡುತ್ತದೆ, ಅರ್ಧ ಗಂಟೆಯ ದಾರಿ. ಟಿಕೆಟ್ಟಿಗೆ ಹೊತ್ತು ನಿಗದಿ ಇರುತ್ತದೆ, ಮುಂಗಡ ತೆಗೆಯಿರಿ. ಕಲ್ಲುಗಳ ಹತ್ತಿರ ನೆರಳಿಲ್ಲ, ಮರೆಯಿಲ್ಲ. ಮಾಮೂಲಿ ಟಿಕೆಟ್ಟಿನಲ್ಲಿ ವೃತ್ತದೊಳಗೆ ಬಿಡುವುದಿಲ್ಲ, ಹಗ್ಗದ ಆಚೆಯಿಂದ ಸುತ್ತಿ ಬರಬೇಕು. ಒಂದೇ ದಿನದಲ್ಲಿ ಎರಡೂ ಮುಗಿಸುತ್ತೇನೆ ಎನ್ನುವವರು ಎರಡನ್ನೂ ಅರ್ಧ ನೋಡುತ್ತಾರೆ. ಸಂಜೆಯ ಹಾಡು ಅಂತೂ ತಪ್ಪೇ ಹೋಗುತ್ತದೆ.

ಐದೂಕಾಲಿಗೆ ಮತ್ತೆ ಕೆಥೀಡ್ರಲ್ಲಿಗೆ

ಇಡೀ ದಿನ ಇಲ್ಲಿರಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ವಾರದ ದಿನಗಳಲ್ಲಿ, ಶನಿವಾರವೂ ಸೇರಿ, ಸಂಜೆ ಐದೂವರೆಗೆ 'ಈವನ್‌ಸಾಂಗ್' ಇರುತ್ತದೆ. ಸಂಜೆಯ ಪ್ರಾರ್ಥನೆ, ಹೆಚ್ಚಿನ ಭಾಗ ಹಾಡು. ಟಿಕೆಟ್ ಇಲ್ಲ. ಯಾವ ಧರ್ಮದವರೂ ಹೋಗಬಹುದು. ಕಾಲು ಗಂಟೆ ಮುಂಚೆ ಹೋಗಿ, ಬಾಗಿಲಲ್ಲಿ ಇರುವವರಿಗೆ ಈವನ್‌ಸಾಂಗಿಗೆ ಬಂದಿದ್ದೇವೆ ಅನ್ನಿ. ಜಾಗ ಇದ್ದರೆ ಹಾಡುವವರ ಪಕ್ಕದ ಹಳೇ ಮರದ ಆಸನಗಳಲ್ಲೇ ಕೂರಿಸುತ್ತಾರೆ. ಫೋನ್ ಆಫ್ ಮಾಡಿ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಬಾಯಿ ಬಿಡಬೇಕಾಗಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಇಲ್ಲಿ ಹಾಡುವವರಲ್ಲಿ ಶಾಲೆಯ ಮಕ್ಕಳಿರುತ್ತಾರೆ. ನೂರಾರು ವರ್ಷ ಹುಡುಗರಷ್ಟೇ ಹಾಡುತ್ತಿದ್ದರು. 1991ರಲ್ಲಿ ಹುಡುಗಿಯರದೂ ಒಂದು ತಂಡ ಕಟ್ಟಿದರು. ಶಾಲೆಗೆ ರಜ ಇದ್ದಾಗ ಹೊರಗಿನ ತಂಡಗಳು ಬಂದು ಹಾಡುತ್ತವೆ. ಚೆನ್ನಾಗಿಯೇ ಹಾಡುತ್ತಾರೆ, ಆದರೆ ಆ ಎಳೆ ಕಂಠ ಇರುವುದಿಲ್ಲ.

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆ ದಿನ ಹಾಡಿದ್ದು ಅರ್ಧ ಲ್ಯಾಟಿನ್, ನನಗೂ ತಿಳಿಯಲಿಲ್ಲ. ಒಂದು ಸಾಲು ಮುಗಿದ ಮೇಲೆ ದನಿ ಮೇಲಿನ ಕಮಾನುಗಳಲ್ಲಿ ಸ್ವಲ್ಪ ಹೊತ್ತು ನಿಂತು ಆಮೇಲೆ ಹೋಗುತ್ತಿತ್ತು. ಅವರು ಅದು ಹೋಗುವ ತನಕ ಕಾದು ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದರು. ಅಮ್ಮ ಮಡಿಲಲ್ಲಿದ್ದ ಸ್ಟ್ರಾಬೆರಿ ಡಬ್ಬಿಯ ಮೇಲೆ ಬೆರಳಿನಿಂದ ತಾಳ ಹಾಕಲು ನೋಡಿ, ಸಿಗದೆ, ಬಿಟ್ಟು ಸುಮ್ಮನೆ ಕೂತಳು. ಹೊರಗೆ ಬಂದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಹಿಂಗೇ ಹಾಡ್ತಾರಾ, ಜನ ಬರಲಿ ಬಿಡಲಿ?" ಹೌದು, ಹಾಡುತ್ತಾರೆ.

ಅಲ್ಲಿಂದ ನಡೆದರೆ ಏಳರ ಹೊತ್ತಿನ ರೈಲು ಆರಾಮಾಗಿ ಸಿಗುತ್ತದೆ. ಪೇಟೆಯ ಕಾಫಿ ಅಂಗಡಿಗಳು ಐದಕ್ಕೇ ಬಾಗಿಲು ಹಾಕಿರುತ್ತವೆ, ಹಸಿವಾಗಿದ್ದರೆ ಚಿಪ್ಸೇ ಗತಿ. ಚಿಪ್ಸ್ ಅಂಗಡಿಯಲ್ಲಿ ಯಾವ ಎಣ್ಣೆ ಅಂತ ಮೊದಲು ಕೇಳಿ. ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಸಸ್ಯದ ಎಣ್ಣೆ ಅಂದರೆ ಇಬ್ಬರಿಗೆ ಒಂದು ಪೊಟ್ಟಣ ಸಾಕು, ಅಳತೆಯಲ್ಲಿ ಧಾರಾಳಿಗಳು. ಉಪ್ಪು, ವಿನೆಗರ್ ಹಾಕಲಾ ಅಂತ ಕೇಳುತ್ತಾರೆ. ಎರಡೂ ಹಾಕಿಸಿಕೊಳ್ಳಿ. ಚೀಲದಲ್ಲಿ ಚಟ್ನಿಪುಡಿ ಉಳಿದಿದ್ದರೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅದನ್ನೂ ಉದುರಿಸಿಕೊಳ್ಳಿ.